ನಿಂತಾಗ ನಡುಕ, ಏರಿನಲ್ಲಿ ಜರ್ಕು: ಹಳೇ ಮಾರುತಿ 800ರ ಮಿಸ್ಸಿಂಗ್ ಹುಡುಕಿದ ಬಗೆ

ಗಾಡಿ 1993ರ ಮಾರುತಿ 800. 796 ಸಿಸಿಯ ಮೂರು ಸಿಲಿಂಡರ್ ಎಂಜಿನ್, ಕಾರ್ಬೊರೇಟರ್, ಪಾಯಿಂಟ್ (ಕಾಯಿಲ್ ಕರೆಂಟು ಕಡಿದು ಕಿಡಿ ಹುಟ್ಟಿಸುವ ಸಣ್ಣ ಸ್ವಿಚ್) ಇರುವ ಹಳೇ ಡಿಸ್ಟ್ರಿಬ್ಯೂಟರ್, ಅಂದರೆ ಕಿಡಿಯ ಕರೆಂಟನ್ನು ಪ್ಲಗ್‌ಗಳಿಗೆ ಹಂಚುವ ಸಾಧನ. ನಡುವೆ ಕೆಲವು ವರ್ಷ ಎಲ್‌ಪಿಜಿ ಕಿಟ್ ಮೇಲೆ ಓಡಿ, ಕಿಟ್ ತೆಗೆಸಿದ ಮೇಲೆ ಮತ್ತೆ ಪೆಟ್ರೋಲ್‌ಗೆ ಬಂದಿದೆ. ವಾರಕ್ಕೆ ಮೂರ್ನಾಲ್ಕು ಸಲ ಸಂಡೂರು–ತೋರಣಗಲ್ಲು–ಕುಡತಿನಿ–ಬಳ್ಳಾರಿ ಹಾದಿಯಲ್ಲಿ ಓಡಾಟ. ಮಾಲೀಕರು ಗಾಡಿ ತಂದಾಗ ಹೇಳಿದ್ದು ಇಷ್ಟು: "ಅಣ್ಣಾರ, ಪ್ಲಗ್ ಎರಡು ಸಲ ಬದಲಿ ಮಾಡ್ಸೀನಿ, ಕಾಯಿಲ್ ಹೊಸದು ಹಾಕ್ಸೀನಿ, ಕಾರ್ಬೊರೇಟರ್ ತೊಳಸೀನಿ. ಆದ್ರೂ ಮಿಸ್ಸಿಂಗ್ ಹೋಗವಲ್ದು ನೋಡ್ರಿ."

ಮಿಸ್ಸಿಂಗ್, ಅಂದರೆ ಸಿಲಿಂಡರ್ ಉರಿಯದೆ ಎಂಜಿನ್ ಬಡಿತ ತಪ್ಪುವುದು, ಒಂದೇ ಮಾತು, ಆದರೆ ಅದು ಹೇಳುವ ರೋಗಗಳು ಹಲವು. ಹಾಗಾಗಿ ಪಾನಾ ಹಿಡಿಯುವ ಮೊದಲು ಕೇಳಬೇಕಾದ್ದು ಯಾವಾಗ ಅಂತ. ಈ ಗಾಡಿಯದು ಕೇಳುತ್ತಾ ಹೋದಂತೆ ಎರಡು ಬೇರೆ ದೂರು ಹೊರಬಂದವು. ಒಂದು, ಸಿಗ್ನಲ್‌ನಲ್ಲಿ ನಿಂತಾಗ ಸ್ಟೀರಿಂಗ್, ಸೀಟು ಎಲ್ಲ ನಡುಗುತ್ತವೆ, ಅದೂ ಎಂಜಿನ್ ಬಿಸಿಯಾದ ಮೇಲೆ ಹೆಚ್ಚು. ಇನ್ನೊಂದು, ತೋರಣಗಲ್ಲಿನಿಂದ ಸಂಡೂರಿನ ಕಡೆ ಏರು ಹತ್ತುವಾಗ, ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದ ಕೂಡಲೇ ಜರ್ಕು ಹೊಡೆಯುತ್ತದೆ. ಮಳೆ ಬಂದ ಮರುದಿನ ಬೆಳಿಗ್ಗೆ ಈ ಜರ್ಕು ಇನ್ನೂ ಜೋರು. ಮಾಲೀಕರ ಲೆಕ್ಕದಲ್ಲಿ ಎರಡೂ ಒಂದೇ ಮಿಸ್ಸಿಂಗ್. ಹಿಂದೆ ಕೈ ಹಾಕಿದವರೂ ಹಾಗೇ ತಿಳಿದು, ಒಂದೊಂದೇ ಸಾಮಾನು ಬದಲಿಸುತ್ತಾ ಹೋಗಿದ್ದಾರೆ.

ಇವೆರಡನ್ನು ಬೇರೆ ಮಾಡಿ ನೋಡುವುದಕ್ಕೆ ಕಾರಣ ಇದೆ. ಆಕ್ಸಿಲರೇಟರ್ ಒತ್ತಿದಾಗ ಸಿಲಿಂಡರ್ ತುಂಬಾ ಗಾಳಿ–ಪೆಟ್ರೋಲ್ ತುಂಬಿಕೊಂಡು ಒಳಗಿನ ಒತ್ತಡ ಏರುತ್ತದೆ. ಒತ್ತಡ ಹೆಚ್ಚಿದಷ್ಟೂ ಪ್ಲಗ್‌ನ ತುದಿಯಲ್ಲಿ ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕು. ಆ ವೋಲ್ಟೇಜ್ ಕೊಡುವ ಕಾಯಿಲ್‌ನಿಂದ ಪ್ಲಗ್‌ವರೆಗಿನ ದಾರಿಯಲ್ಲಿ ಎಲ್ಲಾದರೂ ದುರ್ಬಲ ಜಾಗ ಇದ್ದರೆ ಕರೆಂಟು ಆಗಲೇ ಅಲ್ಲಿಂದ ಸೋರಿ ಹೋಗುತ್ತದೆ. ಆದ್ದರಿಂದ ಭಾರದಲ್ಲಿ ಬರುವ ಜರ್ಕು ಬಹುಮಟ್ಟಿಗೆ ಕಿಡಿಯ ಕಡೆ ಬೆರಳು ತೋರಿಸುತ್ತದೆ. ಸಿಲಿಂಡರ್‌ಗೆ ಬಾಗಿಲಿನಂತಿರುವ ವಾಲ್ವ್‌ಗಳ ಸೋರಿಕೆಯ ಸ್ವಭಾವ ಇದಕ್ಕೆ ಉಲ್ಟಾ. ಎಂಜಿನ್ ನಿಧಾನ ತಿರುಗುವಾಗ ಸೋರಲು ಹೆಚ್ಚು ಸಮಯ ಸಿಗುತ್ತದೆ, ನಡುಕ ಎದ್ದು ಕಾಣುತ್ತದೆ. ವೇಗ ಏರಿದರೆ ಮುಚ್ಚಿಹೋಗುತ್ತದೆ. ಮೂರೇ ಸಿಲಿಂಡರ್ ಇರುವ ಎಂಜಿನ್ನಿನಲ್ಲಿ ಒಂದು ಸತ್ತರೆ ಮೂರನೇ ಒಂದು ಪಾಲು ಬಲ ಹೋದಂತೆ, ಅದಕ್ಕೇ 800ರಲ್ಲಿ ಸಣ್ಣ ಮಿಸ್ಸಿಂಗ್ ಕೂಡ ದೊಡ್ಡದಾಗಿ ಬಡಿಯುತ್ತದೆ.

ಸ್ಟಾರ್ಟ್ ಮಾಡುವ ಮೊದಲೇ ಒಂದು ಕಾಗದ ಓದಲು ಸಿಕ್ಕಿತು. ಹದಿನೈದು ವರ್ಷ ದಾಟಿದ ಖಾಸಗಿ ಗಾಡಿಯ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕಲ್ಲ, ಅದಕ್ಕೆಂದು ಮಾಡಿಸಿದ ಎಮಿಷನ್ ಟೆಸ್ಟ್ ಫೇಲಾಗಿತ್ತು. ಚೀಟಿಯಲ್ಲಿ ಹೈಡ್ರೋಕಾರ್ಬನ್ 2260 ಪಿಪಿಎಂ, ಕಾರ್ಬನ್ ಮಾನಾಕ್ಸೈಡ್ ಶೇ. 1.2. ಭಾರತ್ ಸ್ಟೇಜ್ 2 ಅನ್ನುವ ಹೊಗೆ ಮಾನದಂಡಕ್ಕಿಂತ ಹಿಂದಿನ ಪೆಟ್ರೋಲ್ ಕಾರುಗಳಿಗೆ ಮಿತಿ 1500 ಪಿಪಿಎಂ ಮತ್ತು ಶೇ. 3. ಜನ ಈ ಚೀಟಿಯನ್ನು ಪಾಸು–ಫೇಲು ಅಂತ ಮಾತ್ರ ನೋಡುತ್ತಾರೆ, ಆದರೆ ಇದು ಒಳ್ಳೇ ರೋಗಪತ್ರ. ಪೆಟ್ರೋಲ್ ಹೆಚ್ಚಾಗಿ ಹೋಗುತ್ತಿದ್ದರೆ ಕಾರ್ಬನ್ ಮಾನಾಕ್ಸೈಡ್ ಏರುತ್ತದೆ. ಅದು ಕಡಿಮೆ ಇದ್ದು ಹೈಡ್ರೋಕಾರ್ಬನ್ ಮಾತ್ರ ಏರಿದ್ದರೆ, ಪೆಟ್ರೋಲ್ ಸಿಲಿಂಡರ್‌ಗೆ ಬರುತ್ತಿದೆ, ಉರಿಯದೆ ಹಾಗೇ ಸೈಲೆನ್ಸರ್‌ನಿಂದ ಹೊರಗೆ ಹೋಗುತ್ತಿದೆ ಎಂದರ್ಥ. ಅಂದರೆ ಕಾರ್ಬೊರೇಟರ್ ಬಿಚ್ಚಿ ತೊಳೆದದ್ದು ತಪ್ಪು ಜಾಗದ ಕೆಲಸ. ತೀರಾ ಕಡಿಮೆ ಪೆಟ್ರೋಲ್ ಹೋದಾಗಲೂ ಹೈಡ್ರೋಕಾರ್ಬನ್ ಏರುವುದುಂಟು, ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಮುಂದೆ ಹೋದದ್ದಾಯಿತು.

ಯಾವ ಸಿಲಿಂಡರ್ ಅಂತ ಹಿಡಿಯುವುದು ಮೊದಲ ಕೆಲಸ. ಎಂಜಿನ್ ಬಿಸಿ ಮಾಡಿ, ನಿಂತಾಗಿನ ವೇಗ ಹೊಂದಿಸುವ ಸ್ಲೋ ಸ್ಕ್ರೂ ಸ್ವಲ್ಪ ಏರಿಸಿ, ಪ್ಲಗ್ ವೈರುಗಳನ್ನು ಒಂದೊಂದಾಗಿ ಕಿತ್ತು ನೋಡಬೇಕು. ಸ್ಲೋ ಏರಿಸದಿದ್ದರೆ, ಆಗಲೇ ಎರಡರಲ್ಲಿ ಓಡುತ್ತಿರುವ ಎಂಜಿನ್ನಿಗೆ ಇನ್ನೊಂದು ವೈರ್ ಕಿತ್ತಾಗ ಒಂದೇ ಸಿಲಿಂಡರ್ ಉಳಿದು ನಿಂತೇ ಬಿಡುತ್ತದೆ. ಕಿತ್ತ ವೈರನ್ನು ಗಾಳಿಯಲ್ಲಿ ಬಿಡಬಾರದು. ಅದರ ತುದಿಗೆ ಹಳೇ ಪ್ಲಗ್ ಸಿಕ್ಕಿಸಿ, ಆ ಪ್ಲಗ್ ಎಂಜಿನ್ನಿನ ಲೋಹಕ್ಕೆ ತಾಗಿರುವಂತೆ ಇಡಬೇಕು. ಇಲ್ಲದಿದ್ದರೆ ಹೋಗಲು ದಾರಿ ಇಲ್ಲದ ಹೈಟೆನ್ಶನ್ ಕರೆಂಟು ಕಾಯಿಲ್ ಒಳಗೋ ಡಿಸ್ಟ್ರಿಬ್ಯೂಟರ್ ಮುಚ್ಚಳದ (ಕ್ಯಾಪ್) ಒಳಗೋ ಹೊಸ ದಾರಿ ಕೊರೆಯುತ್ತದೆ. ಹಿಡಿಕೆಗೆ ದಪ್ಪ ರಬ್ಬರ್ ಇರುವ ಇಕ್ಕಳ ಬೇಕು. ಒಂದನೇ ವೈರ್ ಕಿತ್ತಾಗ ಎಂಜಿನ್ ಕುಸಿಯಿತು, ಮೂರನೆಯದಕ್ಕೂ ಕುಸಿಯಿತು. ನಡುವಿನ ಎರಡನೆಯದನ್ನು ಕಿತ್ತರೂ ಹಾಕಿದರೂ ಒಂದೇ. ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇರುವ ಗಾಡಿಗಳಲ್ಲಿ ಈ ಪರೀಕ್ಷೆಯನ್ನು ಕೆಲವೇ ಸೆಕೆಂಡಿನಲ್ಲಿ ಮುಗಿಸಬೇಕು, ಉರಿಯದ ಪೆಟ್ರೋಲ್ ಹೋಗಿ ಕನ್ವರ್ಟರ್ ಕೆಂಪಗೆ ಕಾಯುತ್ತದೆ.

ಇದೇ ಕೆಲಸವನ್ನು ಹೊಸ ಗಾಡಿಯಲ್ಲಿ ಎಂಜಿನ್ ಕಂಪ್ಯೂಟರಿನ ದೋಷದ ಕೋಡ್ ಓದುವ ಸ್ಕ್ಯಾನರ್ ಮಾಡುತ್ತದೆ. ಪಿ0302 ಅಂತ ಬಂದರೆ ಎರಡನೇ ಸಿಲಿಂಡರ್, ಪಿ0300 ಬಂದರೆ ಯಾವುದೆಂದು ಹೇಳಲಾಗದ ಮಿಸ್ಸಿಂಗ್. ಆದರೆ ಕೋಡ್ ಹೇಳುವುದು ಯಾವ ಸಿಲಿಂಡರ್ ಅಂತ ಮಾತ್ರ, ಯಾಕೆ ಅಂತ ಅಲ್ಲ. ಕೋಡ್ ನೋಡಿದ ಕೂಡಲೇ ಕಾಯಿಲ್ ತರಿಸುವವರು ನಮ್ಮಲ್ಲೂ ಬಹಳ.

ಪ್ಲಗ್ ಬಿಚ್ಚುವ ಮುಂಚೆ ಒಂದು ಕೆಲಸವನ್ನು ಈ ಭಾಗದಲ್ಲಿ ಬಿಡುವಂತೆಯೇ ಇಲ್ಲ. ಸಂಡೂರು ಕಡೆಯ ಗಾಡಿಗಳ ಬಾನೆಟ್ ಎತ್ತಿದರೆ ಎಂಜಿನ್ ಮೇಲೆ ಗಣಿಗಳ ಕೆಂಪು ಕಬ್ಬಿಣದ ಅದಿರಿನ ಧೂಳು ಕುಂಕುಮ ಎರಚಿದ ಹಾಗೆ ಕೂತಿರುತ್ತದೆ, ಕುಡತಿನಿ ಕಡೆ ಓಡಾಡಿದ್ದರೆ ಅದರ ಮೇಲೆ ವಿದ್ಯುತ್ ಸ್ಥಾವರದ ಬೂದಿ. ಪ್ಲಗ್ ಸುತ್ತಲಿನ ಗುಂಡಿಯಲ್ಲಿ ಇದು ಎಣ್ಣೆ ಪಸೆ ಹಿಡಿದು ಗಟ್ಟಿಯಾಗಿರುತ್ತದೆ. ಪ್ಲಗ್ ಬಿಚ್ಚಿದ ಕೂಡಲೇ ಅದು ಸೀದಾ ಸಿಲಿಂಡರ್ ಒಳಗೆ ಬೀಳುತ್ತದೆ. ಅದಿರಿನ ಕಣ ಅಂದರೆ ಉಪ್ಪುಕಾಗದದ ಪುಡಿ ಇದ್ದಂತೆ, ಸಿಲಿಂಡರ್‌ನ ಒಳಗೋಡೆ ಗೀಚಿ ಹಾಳು ಮಾಡುತ್ತದೆ. ಮೊದಲು ಪ್ಲಗ್ಗನ್ನು ಅರ್ಧ ಸುತ್ತು ಮಾತ್ರ ಸಡಿಲಿಸಿ, ಗಾಳಿ ಹೊಡೆದು ಗುಂಡಿ ಸ್ವಚ್ಛ ಮಾಡಿ, ಆಮೇಲೆ ಪೂರ್ತಿ ತೆಗೆಯಬೇಕು. ಕಂಪ್ರೆಸರ್ ಇಲ್ಲದಿದ್ದರೆ ಸೈಕಲ್ ಪಂಪ್ ಸಾಕು. ಎಂಜಿನ್ ಬಿಸಿ ಇದ್ದಾಗ ಬಿಚ್ಚಬಾರದು, ಪ್ಲಗ್ ಕೂರುವ ಎಂಜಿನ್ನಿನ ಮೇಲ್ಭಾಗ, ಅಂದರೆ ಹೆಡ್, ಅಲ್ಯೂಮಿನಿಯಂನದು, ಚೂಡಿ (ತಿರುಪಿನ ಗೆರೆ) ಪ್ಲಗ್ ಜೊತೆಗೇ ಬಂದುಬಿಡುತ್ತದೆ.

ಒಂದು ಮತ್ತು ಮೂರನೇ ಪ್ಲಗ್‌ಗಳ ತುದಿ ತೆಳು ಕಂದು. ಎರಡನೆಯದು ಕಪ್ಪು, ಒದ್ದೆ. ಒದ್ದೆ ಅಂದ ಮೇಲೆ ಪೆಟ್ರೋಲೋ ಆಯಿಲೋ ನೋಡಬೇಕು. ಐದು ನಿಮಿಷ ನೆರಳಿನಲ್ಲಿ ಇಟ್ಟಾಗ ಒಣಗಿ ಮಸಿ ಮಾತ್ರ ಉಳಿಯಿತು, ವಾಸನೆಯೂ ಪೆಟ್ರೋಲಿನದೇ. ಆಯಿಲ್ ಆಗಿದ್ದರೆ ಜಿಡ್ಡು ಹಾಗೇ ಇರುತ್ತಿತ್ತು, ಪಿಸ್ಟನ್ ರಿಂಗ್ ಇಲ್ಲವೇ ವಾಲ್ವ್ ಸೀಲ್ ಕಡೆ ಹೋಗಬೇಕಾಗುತ್ತಿತ್ತು. ಕಿಡಿ ಹಾರುವ ಸಂದಿ, ಅಂದರೆ ಗ್ಯಾಪ್, ಅಳೆದರೆ ಮೂರೂ ಪ್ಲಗ್‌ಗಳಲ್ಲಿ 1 ಮಿಲಿಮೀಟರ್‌ಗಿಂತ ಹೆಚ್ಚು. ಈ ಎಂಜಿನ್ನಿಗೆ ಬೇಕಾದ್ದು 0.7ರಿಂದ 0.8. ಹೊಸ ಪ್ಲಗ್ಗನ್ನು ಡಬ್ಬಿಯಿಂದ ತೆಗೆದ ಹಾಗೇ ಹಾಕಿದ್ದಾರೆ, ಗ್ಯಾಪ್ ನೋಡಿಲ್ಲ. ಈ ಹೆಚ್ಚಿನ ಗ್ಯಾಪ್ ಮುಂದೆ ಸಿಕ್ಕ ದೋಷಕ್ಕೆ ಬೀಜ ಹಾಕಿದ್ದೂ ಹೌದು, ಆ ಮಾತು ಆಮೇಲೆ.

ಎರಡನೇ ಪ್ಲಗ್ಗನ್ನು ಒಂದಕ್ಕೆ, ಒಂದನೆಯದನ್ನು ಎರಡಕ್ಕೆ ಅದಲು ಬದಲು ಮಾಡಿದಾಗ ಮಿಸ್ಸಿಂಗ್ ಜಾಗ ಬಿಡಲಿಲ್ಲ, ಎರಡರಲ್ಲೇ ಉಳಿಯಿತು. ಪ್ಲಗ್ ತಪ್ಪಿಲ್ಲ ಅಂತ ಇಷ್ಟರಲ್ಲೇ ಗೊತ್ತಾಗುತ್ತದೆ, ಕಾಸು ಖರ್ಚಿಲ್ಲ. ವೈರುಗಳನ್ನು ಬಿಚ್ಚಿ ಮಲ್ಟಿಮೀಟರ್‌ನಲ್ಲಿ ಅಳೆದೆ. ಒಂದಕ್ಕೆ 6 ಸಾವಿರ ಓಮ್, ಎರಡಕ್ಕೆ 7, ಮೂರಕ್ಕೆ 7.5. ಉದ್ದಕ್ಕೆ ತಕ್ಕ ಹಾಗೆ ಸ್ವಲ್ಪ ಹೆಚ್ಚು ಕಡಿಮೆ ಇರುವುದು ಸಹಜ. ಮುಖ್ಯವಾದದ್ದು, ಅಳೆಯುತ್ತಲೇ ವೈರನ್ನು ಬಗ್ಗಿಸಬೇಕು. ಒಳಗೆ ತುಂಡಾಗಿದ್ದರೆ ಮೀಟರ್ ಜಿಗಿಯುತ್ತದೆ. ಇವು ಜಿಗಿಯಲಿಲ್ಲ.

ಉಳಿದದ್ದು ಕ್ಯಾಪ್. ಹಗಲಲ್ಲಿ ಕಣ್ಣಿಗೆ ಏನೂ ಕಾಣಲಿಲ್ಲ, ಆದ್ದರಿಂದ ಕತ್ತಲಾಗುವವರೆಗೆ ಬಿಟ್ಟೆ. ರಾತ್ರಿ ಶೆಡ್ಡಿನ ದೀಪ ಆರಿಸಿ, ಎಂಜಿನ್ ಓಡಿಸುತ್ತಾ, ಗಿಡಕ್ಕೆ ಹೊಡೆಯುವ ಸ್ಪ್ರೇ ಬಾಟಲಿಯಿಂದ ಕ್ಯಾಪ್ ಮತ್ತು ವೈರುಗಳ ಮೇಲೆ ಮಂಜಿನಷ್ಟು ನೀರು ಹಾಯಿಸಿದಾಗ ಕ್ಯಾಪ್‌ನ ಎರಡನೇ ಗೋಪುರದ ಬುಡದಿಂದ ಕೆಳಗಿನ ಕ್ಲಿಪ್‌ನವರೆಗೆ ಕೂದಲೆಳೆಯಂಥ ನೀಲಿ ಗೆರೆ ಹರಿದಾಡಿತು, ಚಟಚಟ ಸದ್ದೂ ಬಂತು. ಒಂದೊಂದು ಮಿಣುಕಿಗೂ ಎಂಜಿನ್ ಒಂದು ಬಡಿತ ತಪ್ಪುತ್ತಿತ್ತು. ಈ ಪರೀಕ್ಷೆಯಲ್ಲಿ ಕೈ, ಅಂಗಿಯ ತೋಳು ಬೆಲ್ಟ್‌ನಿಂದ ದೂರ ಇರಲಿ. ರೇಡಿಯೇಟರ್ ಫ್ಯಾನ್ ಎಲೆಕ್ಟ್ರಿಕ್, ಹೇಳದೆ ಕೇಳದೆ ಶುರುವಾಗುತ್ತದೆ. ಪೆಟ್ರೋಲ್ ಸೋರಿಕೆ ಇಲ್ಲ ಅಂತ ಮೊದಲು ಖಾತ್ರಿ ಮಾಡಿಕೊಳ್ಳದೆ ಕತ್ತಲಲ್ಲಿ ಕಿಡಿ ಹುಡುಕಬಾರದು.

ಕ್ಯಾಪ್ ಬಿಚ್ಚಿ ಒಳಗೆ ಟಾರ್ಚ್ ಹಿಡಿದಾಗ ಕಾರಣ ಸಿಕ್ಕಿತು. ಎರಡನೇ ಪಿನ್‌ನಿಂದ ಅಂಚಿನವರೆಗೆ ಸೀಸದ ಕಡ್ಡಿಯಲ್ಲಿ ಎಳೆದಂಥ ಸಣ್ಣ ಕಪ್ಪು ಗೆರೆ, ಕೊಂಬೆ ಒಡೆದ ಮರದ ಹಾಗೆ ತುದಿಯಲ್ಲಿ ಕವಲು. ಇದು ಕಾರ್ಬನ್ ಟ್ರ್ಯಾಕ್. ಮೊದಲು ಮೇಲ್ಮೈಯ ತೇವ, ಧೂಳು, ಎಣ್ಣೆ ಪಸೆಯ ಮೇಲೆ ಕರೆಂಟು ಸ್ವಲ್ಪ ಸೋರುತ್ತದೆ, ಸೋರಿದ ಜಾಗದ ಪ್ಲಾಸ್ಟಿಕ್ ಸುಟ್ಟು ಇದ್ದಿಲಾಗುತ್ತದೆ, ಇದ್ದಿಲು ಕರೆಂಟಿಗೆ ಇನ್ನೂ ಸಲೀಸಾದ ದಾರಿ. ಪ್ಲಗ್ ಗ್ಯಾಪ್ ಹೆಚ್ಚಿದ್ದಾಗ ವೋಲ್ಟೇಜ್ ಏರಬೇಕಾಗಿ ಬಂದು ಈ ಸೋರಿಕೆಗೆ ಒತ್ತಾಸೆ ಸಿಕ್ಕಿತು. ಹೊಸ ಕಾಯಿಲ್ ಹಾಕಿದ್ದರಿಂದ ಏನೂ ಪ್ರಯೋಜನ ಆಗದಿದ್ದಕ್ಕೂ ಇದೇ ಕಾರಣ, ಬಂದಷ್ಟೂ ಕರೆಂಟು ಅದೇ ತೂತಿನಲ್ಲಿ ಹೋಗುತ್ತಿತ್ತು. ಗೆರೆಯನ್ನು ಬ್ಲೇಡಿನಿಂದ ಕೆರೆದು ಮತ್ತೆ ಹಾಕುವ ಪದ್ಧತಿ ಇದೆ. ದಾರಿಯಲ್ಲಿ ಕೈಕೊಟ್ಟರೆ ಮನೆ ಸೇರಲು ಅದು ಸರಿ. ಆದರೆ ಕೆರೆದ ಜಾಗ ತರಿತರಿಯಾಗಿ ಧೂಳು ಬೇಗ ಹಿಡಿಯುತ್ತದೆ, ಕೆಲವೇ ದಿನಕ್ಕೆ ಗೆರೆ ಮರಳಿ ಬರುತ್ತದೆ. ಕ್ಯಾಪ್ ಬದಲಿಸಲೇಬೇಕು, ಅದರೊಳಗೆ ತಿರುಗುತ್ತಾ ಕರೆಂಟು ಹಂಚುವ ರೋಟರ್ ಸಹಿತ.

ಬಳ್ಳಾರಿಯ ಕೌಲ್ ಬಜಾರ್ ಕಡೆ ಹುಡುಕಿ ತಂದ ಹೊಸ ಕ್ಯಾಪ್‌ನಲ್ಲಿ ಹಾಕುವ ಮೊದಲು ನೋಡಿದ್ದು ಮೂರು ಸಂಗತಿ. ನಡುವಿನ ಕಾರ್ಬನ್ ಬ್ರಷ್ ಬೆರಳಿನಿಂದ ಒತ್ತಿದರೆ ಒಳಹೋಗಿ ಸ್ಪ್ರಿಂಗ್‌ನಿಂದ ವಾಪಸ್ ಬರಬೇಕು. ಪಿನ್‌ಗಳು ಅಲ್ಲಾಡಬಾರದು. ಅಂಚು ಡಿಸ್ಟ್ರಿಬ್ಯೂಟರ್ ಮೇಲೆ ಬೆಳಕು ಕಾಣದಂತೆ ಕೂರಬೇಕು. ನಕಲಿ ಸಾಮಾನಿನಲ್ಲಿ ಈ ಅಂಚೇ ಕೈಕೊಡುವುದು, ಸಣ್ಣ ಸಂದಿ ಉಳಿದು ಅದಿರಿನ ಧೂಳು ಒಳಗೆ ಸೇರುತ್ತದೆ. ವೈರುಗಳನ್ನು ಹಳೇ ಕ್ಯಾಪ್‌ನಿಂದ ಹೊಸದಕ್ಕೆ ಒಂದೊಂದಾಗಿ ದಾಟಿಸಬೇಕು. ಎಲ್ಲ ಕಿತ್ತು ಹಾಕಿ ಕ್ರಮ ಮರೆತರೆ ಈ ಎಂಜಿನ್ನಿನ ಕ್ರಮ 1–3–2, ರೋಟರ್ ತಿರುಗುವ ದಿಕ್ಕಿನಲ್ಲಿ.

ಹಳೇ ಕ್ಯಾಪ್ ಒಳಗೆ ತೆಳುವಾದ ಎಣ್ಣೆ ಪಸೆಯೂ ಇತ್ತು, ಅದು ಡಿಸ್ಟ್ರಿಬ್ಯೂಟರ್ ಶಾಫ್ಟ್‌ನ ಸೀಲ್ ಸೋರಿದ್ದರಿಂದ. ಸೀಲ್ ಬದಲಿಸದೆ ಕ್ಯಾಪ್ ಮಾತ್ರ ಹಾಕಿದರೆ ಮತ್ತೆ ಅದೇ ಕಥೆ. ಸೀಲ್ ಹಾಕುವಾಗಲೇ ಶಾಫ್ಟ್ ಹಿಡಿದು ಅಡ್ಡಕ್ಕೆ ಅಲ್ಲಾಡಿಸಿ ನೋಡಿದೆ. ಬುಷ್ ಸವೆದು ಶಾಫ್ಟ್ ಓಲಾಡಿದರೆ ಪಾಯಿಂಟ್ ಗ್ಯಾಪ್ ಪ್ರತಿ ಸುತ್ತಿಗೂ ಬದಲಾಗುತ್ತದೆ, ಆಗ ಎಷ್ಟು ಟ್ಯೂನಿಂಗ್ ಮಾಡಿದರೂ ನೀರಿನಲ್ಲಿ ಹೋಮ. ಇಲ್ಲಿ ಆಟ ಇರಲಿಲ್ಲ. ಪಾಯಿಂಟ್‌ಗಳ ಒಂದು ಮುಖದಲ್ಲಿ ಗುಳಿ, ಎದುರು ಮುಖದಲ್ಲಿ ಗುಬ್ಬಿ ಎದ್ದಿತ್ತು. ಲೋಹ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೀಗೆ ಹಾರಿದ್ದರೆ ಪಾಯಿಂಟ್ ಮುಖ ಸುಡದಂತೆ ಕಾಯುವ ಕಂಡೆನ್ಸರ್ ಮೇಲೆ ಅನುಮಾನ ಪಡಬೇಕು. ಕಂಡೆನ್ಸರ್ ಬಿಸಿಗೆ ಕೆಡುವ ವಸ್ತು. ಬೇಸಿಗೆಯಲ್ಲಿ ಹೊರಗೇ 42 ಡಿಗ್ರಿ ಇರುವ ಬಳ್ಳಾರಿಯಲ್ಲಿ ಬಾನೆಟ್ ಒಳಗಿನ ಕಾವು ಕೇಳಬೇಕಿಲ್ಲ. ಪಾಯಿಂಟ್, ಕಂಡೆನ್ಸರ್ ಎರಡನ್ನೂ ಜೊತೆಯಾಗಿ ಬದಲಿಸಿದೆ.

ಗ್ಯಾಪ್ ಇಡುವಾಗ ಪಾಯಿಂಟ್‌ನ ಹಿಮ್ಮಡಿ ಕ್ಯಾಮ್‌ನ ನೆತ್ತಿಯ ಮೇಲೆ ಸರಿಯಾಗಿ ಬಂದಿರಬೇಕು. ಬೇಕಾದ್ದು 0.4ರಿಂದ 0.5 ಮಿಲಿಮೀಟರ್, ನಾನು 0.45ಕ್ಕೆ ಇಟ್ಟೆ. ಸಂದಿ ಅಳೆಯುವ ಫೀಲರ್ ಬ್ಲೇಡ್‌ಗೆ ಎಣ್ಣೆ ಇದ್ದರೆ ಅದು ಪಾಯಿಂಟ್ ಮುಖಕ್ಕೆ ಹತ್ತಿ ಹೊಸ ಪಾಯಿಂಟ್ ಎರಡೇ ದಿನಕ್ಕೆ ಸುಡುತ್ತದೆ, ಬ್ಲೇಡ್ ಒರೆಸಿಕೊಂಡೇ ಹಾಕಬೇಕು. ಹಿಮ್ಮಡಿಗೆ ಅಕ್ಕಿ ಕಾಳಿನಷ್ಟು ಗ್ರೀಸ್, ಅದಕ್ಕಿಂತ ಹೆಚ್ಚಲ್ಲ. ಗ್ಯಾಪ್ ಮೊದಲು, ಟೈಮಿಂಗ್ (ಕಿಡಿ ಹಾರುವ ಹೊತ್ತು) ಆಮೇಲೆ. ಈ ಕ್ರಮ ತಪ್ಪಿದರೆ ಮಾಡಿದ್ದೆಲ್ಲ ವ್ಯರ್ಥ, ಯಾಕೆಂದರೆ ಗ್ಯಾಪ್ ಹೆಚ್ಚಿಸಿದರೆ ಪಾಯಿಂಟ್ ಬೇಗ ತೆರೆದು ಟೈಮಿಂಗ್ ಮುಂದೆ ಹೋಗುತ್ತದೆ, ಕಡಿಮೆ ಮಾಡಿದರೆ ಹಿಂದೆ ಬೀಳುತ್ತದೆ. ಟೈಮಿಂಗ್ ಲೈಟ್ ಇಲ್ಲದವರಿಗೆ 12 ವೋಲ್ಟಿನ ಬಲ್ಬು ಸಾಕು. ಬಲ್ಬಿನ ಒಂದು ವೈರ್ ಕಾಯಿಲ್‌ನಿಂದ ಪಾಯಿಂಟ್‌ಗೆ ಹೋಗುವ ತುದಿಗೆ, ಇನ್ನೊಂದು ಬಾಡಿಗೆ. ಇಗ್ನಿಷನ್ ಆನ್ ಮಾಡಿ ಎಂಜಿನ್ನನ್ನು ಕೈಯಿಂದ ತಿರುಗಿಸುತ್ತಾ ಹೋದರೆ ಪಾಯಿಂಟ್ ತೆರೆದ ಕ್ಷಣಕ್ಕೆ ಬಲ್ಬು ಹತ್ತುತ್ತದೆ. ಆ ಕ್ಷಣ ಫ್ಲೈವೀಲ್ ಗುರುತು ಮ್ಯಾನ್ಯುವಲ್ ಹೇಳಿದ ಡಿಗ್ರಿಗೆ ಬರುವ ಹಾಗೆ ಡಿಸ್ಟ್ರಿಬ್ಯೂಟರ್ ತಿರುಗಿಸಿ ಬೋಲ್ಟ್ ಬಿಗಿ ಮಾಡಬೇಕು. ಪಾಯಿಂಟ್ ಮುಚ್ಚಿದ ಸ್ಥಿತಿಯಲ್ಲಿ ಇಗ್ನಿಷನ್ ಬಹಳ ಹೊತ್ತು ಆನ್ ಬಿಟ್ಟರೆ ಕಾಯಿಲ್ ಕಾಯುತ್ತದೆ.

ಪ್ಲಗ್‌ಗಳ ಗ್ಯಾಪ್ 0.75ಕ್ಕೆ ತಂದು, ಕೈಯಿಂದ ಪೂರ್ತಿ ತಿರುಗಿಸಿ ಕೂರಿಸಿ, ಪಾನಾದಲ್ಲಿ ಬಿಗಿ ಮಾಡಿದೆ. ವಾಷರ್ ಇರುವ ಹೊಸ ಪ್ಲಗ್ ಆದರೆ ಕೈಬಿಗಿಯ ಮೇಲೆ ಅರ್ಧ ಸುತ್ತು. ಒಮ್ಮೆ ಹಾಕಿ ತೆಗೆದದ್ದಕ್ಕೆ ಅಷ್ಟು ಬೇಡ, ವಾಷರ್ ಆಗಲೇ ಚಪ್ಪಟೆಯಾಗಿರುತ್ತದೆ.

ಗಾಡಿಯನ್ನು ತೋರಣಗಲ್ಲು ದಾಟಿಸಿ ಸಂಡೂರಿನ ಏರಿಗೆ ಹತ್ತಿಸಿದರೆ ಜರ್ಕು ಇಲ್ಲ. ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ನೆಲಕ್ಕೆ ಒತ್ತಿದರೂ ಒಂದೇ ಸಮನೆ ಎಳೆಯಿತು. ಆದರೆ ವಾಪಸ್ ಬಂದು ಶೆಡ್ಡಿನ ಮುಂದೆ ನಿಲ್ಲಿಸಿದಾಗ ಬಿಸಿ ಎಂಜಿನ್ನಿನ ನಡುಕ ಕಡಿಮೆಯಾಗಿತ್ತೇ ಹೊರತು ಹೋಗಿರಲಿಲ್ಲ. ವೈರ್ ಕಿತ್ತು ನೋಡಿದರೆ ಎರಡನೇ ಸಿಲಿಂಡರ್ ಈಗ ಕೆಲಸ ಮಾಡುತ್ತಿದೆ, ಆದರೆ ಉಳಿದ ಎರಡರಷ್ಟು ಅಲ್ಲ. ಎರಡು ದೂರು ಎಂದು ಮೊದಲೇ ಬೇರೆ ಮಾಡಿಕೊಂಡಿದ್ದು ಇಲ್ಲಿ ಕೈಹಿಡಿಯಿತು. ಇಲ್ಲದಿದ್ದರೆ ಹೊಸ ಕ್ಯಾಪ್ ಮೇಲೆಯೇ ಅನುಮಾನ ಬಂದು ಮತ್ತೆ ಅದನ್ನೇ ಬಿಚ್ಚುತ್ತಾ ಕೂರಬೇಕಾಗುತ್ತಿತ್ತು.

ಸೈಲೆನ್ಸರ್ ಬಾಯಿಗೆ ದಿನಪತ್ರಿಕೆಯ ಒಂದು ಉದ್ದ ಪಟ್ಟಿಯನ್ನು ಬೆರಳಿನಲ್ಲಿ ಹಿಡಿದೆ. ಆರೋಗ್ಯದ ಎಂಜಿನ್ ಆದರೆ ಹೊಗೆ ಪಟ್ಟಿಯನ್ನು ಒಂದೇ ಸಮನೆ ಹೊರಗೆ ತಳ್ಳುತ್ತದೆ. ಇಲ್ಲಿ ನಾಲ್ಕೈದು ಬಡಿತಕ್ಕೊಮ್ಮೆ ಪಟ್ಟಿ ಚಟಕ್ಕನೆ ಪೈಪಿನ ಕಡೆಗೆ ಎಳೆದುಕೊಳ್ಳುತ್ತಿತ್ತು. ಎಕ್ಸಾಸ್ಟ್ ವಾಲ್ವ್ ಪೂರ್ತಿ ಮುಚ್ಚದೆ, ಪಿಸ್ಟನ್ ಕೆಳಗಿಳಿಯುವಾಗ ಸೈಲೆನ್ಸರ್ ಕಡೆಯಿಂದಲೇ ಗಾಳಿ ಹೀರುತ್ತಿದೆ ಅನ್ನುವುದಕ್ಕೆ ಇದು ಸಾಕಷ್ಟು ಗಟ್ಟಿ ಸೂಚನೆ.

ಖಾತ್ರಿಗೆ ಸಿಲಿಂಡರ್ ಒಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್. ಎಂಜಿನ್ ಬಿಸಿ ಇರಬೇಕು, ಪ್ಲಗ್ ಮೂರೂ ಹೊರಗೆ. ಬಿಸಿ ಅಂದರೆ ಇಲ್ಲಿ ಕೈ ಸುಡುವ ಬಿಸಿ ಅಲ್ಲ, ಅರ್ಧ ಗಂಟೆ ಆರಿದ ಹದ. ಕಾಯಿಲ್‌ಗೆ ಕರೆಂಟು ಬರುವ ವೈರ್ ಕಳಚಬೇಕು. ಚೋಕ್ ಪೂರ್ತಿ ತೆರೆದಿರಬೇಕು, ಒಳಗೆ ಒಬ್ಬರು ಕೂತು ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿಯಬೇಕು, ಇಲ್ಲದಿದ್ದರೆ ಗಾಳಿ ಸಾಕಷ್ಟು ಒಳಬರದೆ ಎಲ್ಲ ಸಿಲಿಂಡರ್‌ಗಳೂ ಕಡಿಮೆ ತೋರಿಸುತ್ತವೆ. ಬ್ಯಾಟರಿ ಡೌನ್ ಇದ್ದರೂ ಹಾಗೇ. ಪ್ರತಿಯೊಂದಕ್ಕೂ ಐದಾರು ಬಡಿತ ಸ್ಟಾರ್ಟರ್ ತಿರುಗಿಸಿ, ಎಲ್ಲದಕ್ಕೂ ಅಷ್ಟೇ ಎಣಿಸಿ. ಬಂದ ಲೆಕ್ಕ: ಚದರ ಇಂಚಿಗೆ ಒಂದಕ್ಕೆ 165 ಪೌಂಡ್, ಎರಡಕ್ಕೆ 120, ಮೂರಕ್ಕೆ 160. ಒಂದಕ್ಕೊಂದು ಹತ್ತು–ಹದಿನೈದು ಶೇಕಡಾಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು, ಇಲ್ಲಿ ಇಪ್ಪತ್ತೇಳು. ಎರಡನೇ ಸಿಲಿಂಡರ್‌ಗೆ ಒಂದು ಚಹಾ ಚಮಚದಷ್ಟು ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆದೆ. ರಿಂಗ್ ಸವೆದಿದ್ದರೆ ಆಯಿಲ್ ಸಂದಿ ಮುಚ್ಚಿ ಒತ್ತಡ ನೆಗೆಯಬೇಕು. 126ಕ್ಕೆ ಬಂತು, ಅಷ್ಟೇ. ರಿಂಗ್ ಅಲ್ಲ. ಪಕ್ಕದ ಎರಡು ಸಿಲಿಂಡರ್ ಜೊತೆಯಾಗಿ ಬಿದ್ದಿದ್ದರೆ ನಡುವಿನ ಹೆಡ್ ಗ್ಯಾಸ್ಕೆಟ್ ಹೋಗಿದೆ ಎನ್ನಬಹುದಿತ್ತು, ಇಲ್ಲಿ ಒಂದೇ. ರೇಡಿಯೇಟರ್‌ನಲ್ಲಿ ಗುಳ್ಳೆಯೂ ಇಲ್ಲ. ಉಳಿದದ್ದು ವಾಲ್ವ್.

ಮರುದಿನ ಬೆಳಿಗ್ಗೆ, ರಾತ್ರಿಯೆಲ್ಲ ತಣಿದ ಎಂಜಿನ್ನಿನ ಟ್ಯಾಪೆಟ್ ಕವರ್ ಬಿಚ್ಚಿದೆ. ಟ್ಯಾಪೆಟ್, ಅಂದರೆ ವಾಲ್ವ್ ಕಡ್ಡಿಗೂ ಅದನ್ನು ಒತ್ತಿ ತೆರೆಯುವ ರಾಕರ್‌ಗೂ ನಡುವಿನ ಅಂತರ, ನೋಡಲು ಪಿಸ್ಟನ್ ಕಂಪ್ರೆಷನ್ನಿನ ಮೇಲ್ತುದಿಗೆ ಬಂದಿರಬೇಕು. ಮೂರು ಸಿಲಿಂಡರ್ ಎಂಜಿನ್ನಿನಲ್ಲಿ ಇದರ ಲೆಕ್ಕ ಸುಲಭ. ಒಂದನೆಯದನ್ನು ಮೇಲ್ತುದಿಗೆ ತಂದು ಅದರ ಎರಡು ವಾಲ್ವ್ ನೋಡಿ, ಕ್ರ್ಯಾಂಕ್ 240 ಡಿಗ್ರಿ ತಿರುಗಿಸಿದರೆ ಮೂರನೆಯದು, ಮತ್ತೆ 240ಕ್ಕೆ ಎರಡನೆಯದು. ಡಿಗ್ರಿ ಅಳೆಯಲು ಸಾಧನ ಇಲ್ಲದಿದ್ದರೆ ರೋಟರ್ ನೋಡಿದರೆ ಸಾಕು. ಅದು ಕ್ರ್ಯಾಂಕ್‌ನ ಅರ್ಧ ವೇಗದಲ್ಲಿ ತಿರುಗುವುದರಿಂದ 120 ಡಿಗ್ರಿಗೆ ಒಂದೊಂದು ಪಿನ್ ಎದುರು ಬರುತ್ತದೆ. ಆ ಪಿನ್‌ನ ಸಿಲಿಂಡರೇ ಆಗ ಕಂಪ್ರೆಷನ್ ಮೇಲಿದೆ, ಎರಡೂ ರಾಕರ್ ಸಡಿಲ ಇರುತ್ತವೆ. ಸಂಶಯಕ್ಕೆ ರಾಕರ್ ಕೈಯಿಂದ ಅಲ್ಲಾಡಿಸಿ ನೋಡಬೇಕು.

ಎರಡನೇ ಸಿಲಿಂಡರ್‌ನ ಎಕ್ಸಾಸ್ಟ್ ರಾಕರ್ ಅಲ್ಲಾಡಲೇ ಇಲ್ಲ. ಫೀಲರ್ ಗೇಜ್‌ನ ಅತಿ ತೆಳು ಬ್ಲೇಡ್ 0.05, ಅದೂ ಒಳಗೆ ಹೋಗಲಿಲ್ಲ. ಅಂದರೆ ಎಂಜಿನ್ ತಣ್ಣಗಿರುವಾಗಲೇ ಅಂತರ ಸೊನ್ನೆ. ಬಿಸಿಯಾಗಿ ವಾಲ್ವ್ ಉದ್ದವಾದರೆ ಅದು ಹೆಡ್‌ನಲ್ಲಿ ತಾನು ಮುಚ್ಚಿ ಕೂರುವ ಬಳೆಯ, ಅಂದರೆ ಸೀಟಿನ, ಮೇಲೆ ಪೂರ್ತಿ ಕೂರಲು ಸಾಧ್ಯವೇ ಇಲ್ಲ. "ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಸರಿ ಇರ್ತೈತೆ, ಬಿಸಿ ಆದ್ಮೇಲೆ ನಡುಗ್ತೈತೆ" ಅಂತ ಮಾಲೀಕರು ಹೇಳಿದ್ದ ಮಾತಿನ ಅರ್ಥ ಇದೇ.

ಟ್ಯಾಪೆಟ್ ಸದ್ದು ಮಾಡಿದರೆ ಮಾತ್ರ ಗಾಡಿ ತೋರಿಸಬೇಕು ಅನ್ನುವ ನಂಬಿಕೆ ನಮ್ಮ ಕಡೆ ಗಟ್ಟಿಯಾಗಿದೆ. ಅಪಾಯ ಇರುವುದು ಸದ್ದಿಲ್ಲದ ಟ್ಯಾಪೆಟ್‌ನಲ್ಲಿ. ಎಕ್ಸಾಸ್ಟ್ ವಾಲ್ವ್ ತನ್ನ ಬಹುಪಾಲು ಕಾವನ್ನು ಬಿಡುವುದು ಸೀಟಿಗೆ ಒತ್ತಿ ಕೂತ ಹೊತ್ತಿನಲ್ಲಿ. ಕೂರಲು ಬಿಡದಿದ್ದರೆ ಕಾವು ಹೋಗುವ ದಾರಿ ತಪ್ಪಿ, ಸೋರುವ ಉರಿ ಅಂಚನ್ನೇ ಸುಡುತ್ತಾ ಹೋಗುತ್ತದೆ. ಇನ್ನು ಅಂತರ ಕಡಿಮೆಯಾದದ್ದು ಯಾಕೆ? ವಾಲ್ವ್ ನಿಧಾನವಾಗಿ ಸೀಟಿನೊಳಗೆ ಇಳಿದು, ಅದರ ಕಡ್ಡಿ ರಾಕರ್ ಕಡೆಗೆ ಮೇಲೆದ್ದಿದೆ. ಎಲ್‌ಪಿಜಿ ಒಣ ಇಂಧನ, ಪೆಟ್ರೋಲಿನ ಹಾಗೆ ಸೀಟಿಗೆ ಯಾವ ಪಸೆಯನ್ನೂ ಕೊಡುವುದಿಲ್ಲ, ಗ್ಯಾಸ್ ಮೇಲೆ ಓಡಿದ ಗಾಡಿಗಳಲ್ಲಿ ಸೀಟ್ ಸವೆತ ಬೇಗ ಕಾಣುತ್ತದೆ. ಗ್ಯಾಸ್ ಗಾಡಿ ಇರುವವರು ಟ್ಯಾಪೆಟ್ ಅಂತರವನ್ನು ಸದ್ದಿಗೆ ಕಾಯದೆ ನೋಡಿಸುತ್ತಿರಬೇಕು. ನಾನು ಗ್ಯಾಸ್ ಕಿಟ್‌ನ ವಿರೋಧಿ ಅಲ್ಲ, ಆದರೆ ಕಿಟ್ ಹಾಕುವವರು ಈ ಒಂದು ಮಾತು ಗಿರಾಕಿಗೆ ಹೇಳದಿರುವುದು ನನಗೆ ಬಹಳ ಬೇಸರದ ಸಂಗತಿ.

ಅಂತರ ಎಷ್ಟಿಡಬೇಕು ಅನ್ನುವುದನ್ನು ಆಯಾ ಎಂಜಿನ್ನಿನ ಮ್ಯಾನ್ಯುವಲ್‌ನಿಂದಲೇ ತೆಗೆದುಕೊಳ್ಳಬೇಕು. ತಣ್ಣಗಿರುವಾಗಿನ ಅಳತೆ ಬೇರೆ, ಬಿಸಿ ಇರುವಾಗಿನ ಅಳತೆ ಬೇರೆ, ಅವೆರಡನ್ನು ಕಲಸಿಕೊಂಡು ಕೆಟ್ಟ ಎಂಜಿನ್‌ಗಳನ್ನು ನೋಡಿದ್ದೇನೆ. ಲಾಕ್ ನಟ್ ಸಡಿಲಿಸಿ, ಬ್ಲೇಡ್ ನಡುವೆ ಇಟ್ಟು ಸ್ಕ್ರೂ ತಿರುಗಿಸಬೇಕು. ಹದ ಹೇಗಿರಬೇಕೆಂದರೆ, ದಪ್ಪ ಪುಸ್ತಕದ ಹಾಳೆಗಳ ನಡುವೆ ಇಟ್ಟ ಹತ್ತರ ನೋಟನ್ನು ಹೊರಗೆ ಎಳೆದ ಹಾಗೆ, ಹಿಡಿತ ಇರಬೇಕು ಆದರೆ ಬರಬೇಕು. ಲಾಕ್ ನಟ್ ಬಿಗಿಯುವಾಗ ಸ್ಕ್ರೂ ಜೊತೆಗೇ ಚೂರು ತಿರುಗುತ್ತದೆ. ಬಿಗಿದ ಮೇಲೆ ಮತ್ತೊಮ್ಮೆ ಬ್ಲೇಡ್ ಹಾಕಿ ನೋಡದೆ ಮುಂದೆ ಹೋಗುವಂತಿಲ್ಲ. ಇನ್ನೊಂದು ಮೋಸ ಇದೆ. ಸ್ಕ್ರೂ ತುದಿ ಸವೆದು ಗುಳಿ ಬಿದ್ದಿದ್ದರೆ ಚಪ್ಪಟೆ ಬ್ಲೇಡ್ ಗುಳಿಯ ಮೇಲೆ ಸೇತುವೆಯ ಹಾಗೆ ಕೂತು, ನಿಜವಾದ ಅಂತರಕ್ಕಿಂತ ಕಡಿಮೆ ತೋರಿಸುತ್ತದೆ. ಅಂಥ ಸ್ಕ್ರೂ ಬದಲಿಸಬೇಕು. ಆರೂ ವಾಲ್ವ್ ಸರಿ ಮಾಡಿ, ಹೊಸ ಪ್ಯಾಕಿಂಗ್ ಹಾಕಿ ಕವರ್ ಮುಚ್ಚಿದೆ. ಹಳೇ ಪ್ಯಾಕಿಂಗ್ ಮತ್ತೆ ಹಾಕಿದರೆ ಎಣ್ಣೆ ಸೋರಿ ಪ್ಲಗ್ ಗುಂಡಿಗೇ ಇಳಿಯುತ್ತದೆ.

ಎಂಜಿನ್ ಓಡಿಸಿ ಬಿಸಿ ಮಾಡಿ ಗೇಜ್ ಹಾಕಿದಾಗ ಎರಡನೇ ಸಿಲಿಂಡರ್ 148 ತೋರಿಸಿತು. 165ರ ಎದುರು ಹತ್ತು ಶೇಕಡಾ ಕಡಿಮೆ, ಮಿತಿಯೊಳಗೆ. 125ರ ಹತ್ತಿರವೇ ನಿಂತಿದ್ದರೆ ವಾಲ್ವ್ ಅಂಚು ಸುಟ್ಟಿದೆ, ಹೆಡ್ ಇಳಿಸದೆ ವಿಧಿಯಿಲ್ಲ ಅಂತ ಹೇಳಬೇಕಾಗುತ್ತಿತ್ತು.

ಉಳಿದ ಸಣ್ಣಪುಟ್ಟ ಕೆಲಸ ಬೇಗ ಮುಗಿಯಿತು. ಭಾರಕ್ಕೆ ತಕ್ಕಂತೆ ಟೈಮಿಂಗ್ ಸರಿಸುವ ವ್ಯಾಕ್ಯೂಮ್ ಅಡ್ವಾನ್ಸ್‌ನ ಪೈಪನ್ನು ಬಾಯಿಂದ ಹೀರಿ ನಾಲಿಗೆಯಿಂದ ಮುಚ್ಚಿ ಹಿಡಿದರೆ ಎಳೆತ ನಿಲ್ಲಬೇಕು, ನಿಲ್ಲಲಿಲ್ಲ. ತುದಿಯಲ್ಲಿ ಬಿಸಿಲಿಗೆ ಒಣಗಿ ಸೀಳಿತ್ತು, ಬದಲಿಸಿದೆ. ಪೆಟ್ರೋಲ್ ಪೈಪುಗಳನ್ನೂ ಬದಲಿಸಿದೆ. ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲಿಗೆ ಆ ಕಾಲದ ರಬ್ಬರ್ ಒಗ್ಗುವುದಿಲ್ಲ, ಉಬ್ಬಿ ಮೆತ್ತಗಾಗುತ್ತದೆ. ಎಥನಾಲ್‌ನಲ್ಲೇ ಆಮ್ಲಜನಕ ಇರುವುದರಿಂದ ಹಳೇ ಜೆಟ್‌ಗಳಲ್ಲಿ ಮಿಶ್ರಣ ತುಸು ಬಡವಾಗುತ್ತದೆ, ಅಂದರೆ ಗಾಳಿಯ ಲೆಕ್ಕಕ್ಕೆ ಇಂಧನ ಕಡಿಮೆ ಬೀಳುತ್ತದೆ, ಹಾಗಾಗಿ ಮಿಕ್ಸ್ಚರ್ ಸ್ಕ್ರೂ ಕೊನೆಗೆ ಒಮ್ಮೆ ಹೊಂದಿಸಿದೆ. ಡಿಪ್‌ಸ್ಟಿಕ್ ಮೂಸಿದರೆ ಪೆಟ್ರೋಲ್ ವಾಸನೆ. ಸತ್ತ ಸಿಲಿಂಡರ್‌ನಿಂದ ತೊಳೆದು ಇಳಿದ ಪೆಟ್ರೋಲ್ ಅದು. ಅಂಥ ತೆಳು ಆಯಿಲ್‌ನಲ್ಲಿ ಬೇರಿಂಗ್ ಉಳಿಯುವುದಿಲ್ಲ, ಆಯಿಲ್, ಫಿಲ್ಟರ್ ಎರಡೂ ಹೊಸದು ಹಾಕಲಾಯಿತು.

ಬೇಸಿಗೆಯಲ್ಲಿ ಎಂಜಿನ್ನಿಗೆ ಪೆಟ್ರೋಲ್ ಎತ್ತಿಕೊಡುವ ಪಂಪ್ ಮೇಲೆ ಒದ್ದೆ ಬಟ್ಟೆ ಹಾಕುವ ಪದ್ಧತಿ ಇದೆಯಲ್ಲ, ಅದು ಪೆಟ್ರೋಲ್ ಆವಿಯಾಗಿ ಪೈಪಿನಲ್ಲಿ ಗಾಳಿ ಕಟ್ಟುವ ತೊಂದರೆಗೆ. ಆಗ ಇಡೀ ಎಂಜಿನ್ ಮುಗ್ಗರಿಸಿ ನಿಲ್ಲುತ್ತದೆ, ಒಂದೇ ಸಿಲಿಂಡರ್ ಸಾಯುವುದಿಲ್ಲ. ಈ ಗಾಡಿಗೂ ಆ ಬಟ್ಟೆ ಕಟ್ಟಿಕೊಂಡು ಬಂದಿದ್ದರು, ತೆಗೆಸಿದೆ.

ಮತ್ತೆ ಮಾಡಿಸಿದ ಎಮಿಷನ್ ಟೆಸ್ಟ್‌ನಲ್ಲಿ ಹೈಡ್ರೋಕಾರ್ಬನ್ 480 ಪಿಪಿಎಂ, ಕಾರ್ಬನ್ ಮಾನಾಕ್ಸೈಡ್ ಶೇ. 1.6. ಸಿಗ್ನಲ್‌ನಲ್ಲಿ ನಿಂತಾಗ ಡ್ಯಾಶ್‌ಬೋರ್ಡ್ ಮೇಲಿಟ್ಟ ನಾಣ್ಯ ಜಾರುವುದಿಲ್ಲ.

ಸಾವಿರ ಕಿಲೋಮೀಟರ್‌ಗೆ ವಾಪಸ್ ಬರಲು ಹೇಳಿದ್ದೆ, ಬಂದರು. ಎರಡನೇ ಎಕ್ಸಾಸ್ಟ್ ಟ್ಯಾಪೆಟ್ ಬೆಳಿಗ್ಗೆ ತಣ್ಣಗಿರುವಾಗ ಅಳೆದರೆ ಇಟ್ಟಿದ್ದಕ್ಕಿಂತ 0.03 ಕಡಿಮೆ. ಉಳಿದ ಐದು ಇಟ್ಟಲ್ಲೇ ಇವೆ. ಅಂದರೆ ಆ ಸೀಟ್ ಇನ್ನೂ ಇಳಿಯುತ್ತಿದೆ. ಮರಳಿ ಹೊಂದಿಸಿ, ಬಾನೆಟ್ ಒಳಮೈಗೆ ಒಂದು ರಟ್ಟಿನ ಚೀಟಿ ಅಂಟಿಸಿ ಅದರ ಮೇಲೆ ದಿನಾಂಕ, ಕಿಲೋಮೀಟರ್, ಮೂರು ಸಿಲಿಂಡರ್‌ಗಳ ಕಂಪ್ರೆಷನ್, ಈ ಟ್ಯಾಪೆಟ್‌ನ ಅಳತೆ ಬರೆದಿಟ್ಟೆ. ಮುಂದಿನ ಎರಡು ಸಲವೂ ಹೀಗೇ ಇಳಿದರೆ ಹೆಡ್ ಇಳಿಸಿ ಆ ಸೀಟ್ ಹೊಸದು ಹಾಕಬೇಕಾಗುತ್ತದೆ ಅಂತ ಮಾಲೀಕರಿಗೆ ಹೇಳಿದ್ದೇನೆ. "ಸುಗ್ಗಿ ಮುಗೀಲಿ ಅಣ್ಣಾರ, ಮಾಡಿಬಿಡಾಣ" ಅಂದರು.